ಬೆರಳಿನ ಗೆರೆಯಲ್ಲಿ ಹನ್ನೆರಡು ಬಾರ್: ಬೇಸ್ ಗಿಟಾರಿನಲ್ಲಿ ಬ್ಲೂಸ್ ನನ್ನ ಕೈಗೆ ಬಂದದ್ದು ಹೀಗೆ

ಕಳೆದ ಡಿಸೆಂಬರಿನಲ್ಲಿ ಮಂಗಳೂರಿನ ಕಂಕನಾಡಿಯ ಒಂದು ಮನೆಯ ಟೆರೇಸಿನಲ್ಲಿ ಮದುವೆಯ ಬೆಳ್ಳಿಹಬ್ಬದ ಪಾರ್ಟಿ ಇತ್ತು. ಒಂದೂವರೆ ಗಂಟೆ ಬರೀ ಬ್ಲೂಸ್, ಅಂದರೆ ಹನ್ನೆರಡು ಬಾರಿನ ಸುತ್ತಿನಲ್ಲಿ ಮತ್ತೆ ಮತ್ತೆ ತಿರುಗುವ ಅಮೆರಿಕದ ಆ ಸಂಗೀತ, ಬಾರಿಸಿದೆವು. ಎ, ಇ, ಜಿ ಸ್ಕೇಲ್ ಎಲ್ಲ ಆಯ್ತು, ಹಾಡುವವಳ ಗಂಟಲಿಗೆ ಬೇಕು ಅಂತ ನಡುವೆ ಬಿ ಫ್ಲಾಟ್ ಕೂಡ ಆಯ್ತು. ನಾನು ಒಂದು ಸಲವೂ ಬಾರ್ (ನಾಲ್ಕು ಬೀಟಿನ ಒಂದು ಅಳತೆ) ತಪ್ಪಲಿಲ್ಲ. ಸಾಮಾನು ಕಟ್ಟುವಾಗ ನಮ್ಮ ಗಿಟಾರಿಸ್ಟ್ ಹತ್ತಿರ ಬಂದ. ನಾಲ್ಕು ವರ್ಷದಿಂದ ನನ್ನ ಅಭ್ಯಾಸ ನೋಡಿ ತಲೆ ಅಲ್ಲಾಡಿಸುತ್ತಿದ್ದವನು ಅವನು. "ಮಾರಾಯ, ನಿನ್ನ ಆ ಗೆರೆ ಲೆಕ್ಕ ನನಗೂ ಒಮ್ಮೆ ಹೇಳಿಕೊಡು" ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒನ್, ಫೋರ್, ಫೈವ್ (ಸ್ಕೇಲಿನ ಒಂದು, ನಾಲ್ಕು, ಐದನೇ ಸ್ವರದ ಮೇಲೆ ಕಟ್ಟುವ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಏನು ಅಂತ ಗೊತ್ತಿದ್ದು, ನಾಲ್ಕು ಸ್ಟೇಜ್ ಹತ್ತಿ ಇಳಿದವರಿಗೆ ಇದು. ಹೊಸಬರು ಮೊದಲು ಆ ಕೆಲಸ ಮುಗಿಸಿ ಬನ್ನಿ.

ನಾನು ಹನ್ನೊಂದು ವರ್ಷದಿಂದ ಮಂಗಳೂರಿನ ಮದುವೆ ಬ್ಯಾಂಡ್‌ಗಳಲ್ಲಿ ಬೇಸ್ ಬಾರಿಸುತ್ತಿದ್ದೇನೆ. ರೋಸ್ (ಕ್ರಿಶ್ಚಿಯನ್ ಮದುವೆಯ ಮುಂಚಿನ ಶಾಸ್ತ್ರ), ಮದುವೆ, ಹುಟ್ಟುಹಬ್ಬ, ಎಲ್ಲ ಆಗಿದೆ. ಬೈಲಾ, ವಾಲ್ಟ್ಜ್, ಜೈವ್, ಈ ಕುಣಿತದ ಹಾಡುಗಳೆಲ್ಲ ನಿದ್ದೆಯಲ್ಲೂ ಬರುತ್ತದೆ. ಜೈವ್‌ಗೆ ಬಾರಿಸುವ ಹಳೆಯ ರಾಕ್ ಅಂಡ್ ರೋಲ್ ಹಾಡುಗಳಲ್ಲಿ ಜಾಸ್ತಿ ಪಾಲು ಹನ್ನೆರಡು ಬಾರಿನ ಬ್ಲೂಸೇ ಅಲ್ವಾ? ಹಾಗಾಗಿ ಬ್ಲೂಸ್ ನನಗೆ ಬರುತ್ತದೆ ಅಂತಲೇ ನಂಬಿದ್ದೆ. ಜೈವ್ ಓಡುತ್ತದೆ, ಎರಡು ಬೀಟ್ ಆಚೀಚೆ ಆದರೂ ಕುಣಿಯುವವರ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ನಿಧಾನದ ಬ್ಲೂಸ್‌ನಲ್ಲಿ ಯಾವುದೂ ಮುಚ್ಚುವುದಿಲ್ಲ.

ಅದು ನನಗೆ ಗೊತ್ತಾದದ್ದು 2019ರಲ್ಲಿ, ಬಿಜೈ ಕಡೆಯ ಒಂದು ಹಾಲಿನಲ್ಲಿ. ಎ ಸ್ಕೇಲಿನಲ್ಲಿ (ಒನ್ ಎ, ಫೋರ್ ಡಿ, ಫೈವ್ ಇ) ನಿಧಾನದ ಬ್ಲೂಸ್. ಎರಡನೇ ಸುತ್ತಿನ ಎಂಟನೇ ಬಾರಿನಲ್ಲಿ ನಾನು ಇ ಗೆ ಹಾರಿದೆ. ಗಿಟಾರಿಸ್ಟ್ ಇನ್ನೂ ಎ ಯಲ್ಲೇ ಇದ್ದ. ಹಾಡುವವಳು ಮೂರನೇ ಸಾಲು ಎತ್ತಿದಳು, ಕೆಳಗೆ ನಾನು ಆಗಲೇ ಡಿ ಗೆ ಹೋಗಿದ್ದೆ. ಅವಳು ಹಾಡು ನಿಲ್ಲಿಸಿ ತಿರುಗಿ ನನ್ನ ಮುಖ ನೋಡಿದಳು. ಸ್ಟೇಜಿನ ಮೇಲೆ ಹಾಗೆ ಯಾರಾದರೂ ನಿಮ್ಮನ್ನು ನೋಡಿದ್ದರೆ ಅದು ಎಂಥದ್ದು ಅಂತ ನಿಮಗೆ ಗೊತ್ತು. ಮೂರು ಸಾವಿರಕ್ಕೆ ಮಾತಾಗಿತ್ತು, ಕೈಗೆ ಬಂದದ್ದು ಎರಡು. ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ತಪ್ಪು ನನ್ನದೇ.

ಆಮೇಲೆ ದುಡ್ಡು ಸುರಿಯಲು ಶುರು ಮಾಡಿದೆ. ಆನ್‌ಲೈನ್ ಕೋರ್ಸಿಗೆ ಆರು ಆರೂವರೆ ಸಾವಿರ ಹೋಯಿತು. ಸ್ವರ ಗಟ್ಟಿಯಾಗಲಿ ಅಂತ ಕಂಪ್ರೆಸರ್ ಪೆಡಲ್ ತೆಗೆದುಕೊಂಡೆ, ಅದು ಒಂಬತ್ತು. ಐದು ತಂತಿಯ ಬೇಸ್ ಬೇಕು ಅನ್ನಿಸಿತು. ಮೂವತ್ತೆರಡು ಸಾವಿರ ಕೊಟ್ಟು ತಂದೆ, ಒಂದು ವರ್ಷದ ಮೇಲೆ ಇಪ್ಪತ್ತೊಂದಕ್ಕೆ ಮಾರಿದೆ. ಈಗ ಕೈಯಲ್ಲಿರುವುದು ಮೊದಲು ಹದಿನೇಳು ಸಾವಿರಕ್ಕೆ ತಗೊಂಡ ಅದೇ ನಾಲ್ಕು ತಂತಿಯದು. ಇಷ್ಟೆಲ್ಲ ಮಾಡಿದರೂ ಏಳು, ಎಂಟನೇ ಬಾರಿಗೆ ಬಂದರೆ ಎದೆ ಡವಡವ.

ಯಾಕೆ ಸರಿಯಾಗಿ ಅಲ್ಲೇ ತಪ್ಪುತ್ತಿತ್ತು? ಇದನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು. ನಾವು ಇಲ್ಲಿ ಬಾರಿಸುವ ಕೊಂಕಣಿ ಹಾಡು, ಸಿನಿಮಾ ಹಾಡುಗಳಲ್ಲಿ ಕಾರ್ಡ್ ಎಲ್ಲಿ ಬದಲಾಗುತ್ತದೆ ಅಂತ ಹಾಡಿನ ಮಾತೇ ಹೇಳಿಬಿಡುತ್ತದೆ. ಬೇಸ್ ಬಾರಿಸುವವನು ಬಾರ್ ಎಣಿಸುವುದಿಲ್ಲ, ಮಾತಿನ ಬೆನ್ನು ಹಿಡಿದು ಹೋಗುತ್ತಾನೆ. ಬ್ಲೂಸ್‌ನಲ್ಲಿ ಸಾಲಿಗೆ ನಾಲ್ಕು ಬಾರ್ ಇದ್ದರೂ ಮಾತು ಸುಮಾರು ಎರಡು ಬಾರಿನಲ್ಲಿ ಮುಗಿದುಬಿಡುತ್ತದೆ. ಉಳಿದ ಎರಡರಲ್ಲಿ ಹಾಡುವವರು ಸುಮ್ಮನೆ, ಗಿಟಾರ್ ಉತ್ತರ ಕೊಡುತ್ತದೆ. ಅಂದರೆ 3-4, 7-8, 11-12, ಈ ಜಾಗಗಳಲ್ಲಿ ಹಿಡಿದುಕೊಳ್ಳಲು ಮಾತು ಇಲ್ಲ. ಮಾತು ನಂಬಿದವನು ಅಲ್ಲೇ ಬೀಳುತ್ತಾನೆ. ನಮ್ಮೂರಿನ ಎಷ್ಟೋ ಒಳ್ಳೆಯ ಬೇಸ್ ಕೈಗಳು ಇದೇ ಜಾಗದಲ್ಲಿ ಬೀಳುವುದನ್ನು ಆಮೇಲೆ ನೋಡಿದ್ದೇನೆ.

ಗೆರೆ ಲೆಕ್ಕ ಹುಟ್ಟಿದ್ದು ಬಸ್ಸಿನಲ್ಲಿ. ಹಗಲಿಗೆ ನನ್ನ ಕೆಲಸ ಸುರತ್ಕಲ್ ಕಡೆ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ದಿನಾ ಬಸ್ಸು, ಹೋಗಿ ಬರಲು ಒಂದೂವರೆ ಗಂಟೆ ಹತ್ತಿರ. ಒಂದು ದಿನ ಪಕ್ಕದ ಸೀಟಿನ ಅಜ್ಜಿಯೊಬ್ಬರು ಹೆಬ್ಬೆರಳಿನಿಂದ ಬೆರಳ ಗೆರೆ ಮುಟ್ಟುತ್ತಾ ಜಪ ಮಾಡುತ್ತಿದ್ದರು. ನೋಡುತ್ತಾ ಕೂತೆ. ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಒಟ್ಟು ಹನ್ನೆರಡು. ಮೈ ಜುಂ ಅಂತು.

ಕೈ ಬಿಡಿಸಿ ನೋಡಿ. ಮೇಲಿನ ಗೆಣ್ಣುಗಳ ಸಾಲು, ತೋರುಬೆರಳಿನಿಂದ ಕಿರುಬೆರಳಿನವರೆಗೆ, ಮೊದಲ ನಾಲ್ಕು ಬಾರ್. ನಡುವಿನ ಸಾಲು 5ರಿಂದ 8. ಬುಡದ ಸಾಲು 9ರಿಂದ 12. ಹಾಡಿನ ಮೂರು ಸಾಲಿಗೆ ಮೂರು ಸಾಲು. ಈಗ ಅಡ್ಡ ಬಿಟ್ಟು ಉದ್ದಕ್ಕೆ ಓದಿ. ತೋರುಬೆರಳಿನಲ್ಲಿ ಮೇಲಿನಿಂದ ಕೆಳಗೆ ಒನ್, ಫೋರ್, ಫೈವ್. ಎರಡನೇ ಬಾರಿನಲ್ಲೇ ಫೋರ್‌ಗೆ ಹೋಗಿ ಬರುವ ಕ್ವಿಕ್ ಚೇಂಜ್ ಇದ್ದರೆ ನಡುಬೆರಳು ಪೂರ್ತಿ ಫೋರ್. ಉಂಗುರ ಬೆರಳು ಮೂರೂ ಒನ್. ಕಿರುಬೆರಳು ಒನ್, ಒನ್, ಕೊನೆಗೆ ತಿರುಗಿಸುವ ಫೈವ್. ಅಷ್ಟೇ ನಕ್ಷೆ.

ಇದರಲ್ಲಿ ಚಿನ್ನ ಇರುವುದು ಉಂಗುರ ಬೆರಳಿನಲ್ಲಿ. ಅದು ಯಾವಾಗಲೂ ಮನೆ, ಅಂದರೆ ಒನ್. 3, 7, 11. ಹಾಡುವವರು ಬಾಯಿ ಮುಚ್ಚಿದ ಕೂಡಲೇ ನೀವು ಉಂಗುರ ಬೆರಳಿನಲ್ಲಿ ಇದ್ದೀರಿ, ರೂಟಿಗೆ (ಕಾರ್ಡಿನ ಮೊದಲ ಸ್ವರಕ್ಕೆ) ಬನ್ನಿ. ಆಮೇಲೆ ಇನ್ನೂ ಒಂದು ಬಾರ್, ಕಿರುಬೆರಳು, ಬಾಕಿ ಇದೆ. ನಾನು ಬಿಜೈಯಲ್ಲಿ ನುಂಗಿದ್ದು ಆ ಕಿರುಬೆರಳನ್ನೇ.

ಐದು ತಿಂಗಳು ಬಸ್ಸಿನಲ್ಲಿ ಇದನ್ನೇ ಮಾಡಿದೆ. ಕಂಡಕ್ಟರ್ "ರೈಟ್ ಪೋಯಿ" ಅಂದ ತಕ್ಷಣ ಒಂದನೇ ಬಾರ್ ಶುರು. ಕಿವಿಯಲ್ಲಿ ಇಯರ್‌ಫೋನ್, ಹೆಬ್ಬೆರಳು ಗೆಣ್ಣಿನ ಮೇಲೆ. ಗಿಟಾರಿಸ್ಟ್ ಕೇಳಿದ್ದ, "ಗೆರೆ ಎಣಿಸಿದರೆ ಬ್ಲೂಸ್ ಬರ್ತದಾ? ಬಾರಿಸುವಾಗ ನಿನಗೆ ಮೂರನೇ ಕೈ ಉಂಟಾ?" ಅಂತ. ನ್ಯಾಯವಾದ ಪ್ರಶ್ನೆ. ಎರಡನೇ ತಿಂಗಳವರೆಗೆ ನನಗೂ ಉತ್ತರ ಗೊತ್ತಿರಲಿಲ್ಲ. ಬೇಸ್ ಹಿಡಿದ ಕೂಡಲೇ ಲೆಕ್ಕ ಮಾಯವಾಗುತ್ತಿತ್ತು. ಮೂರನೇ ತಿಂಗಳಿನಲ್ಲಿ ಒಂದು ಸಂಜೆ, ಬಾರಿಸುತ್ತಿರುವಾಗಲೇ, ಏಳನೇ ಬಾರಿಗೆ ಬಂದಾಗ ಉಂಗುರ ಬೆರಳಿನ ಗೆಣ್ಣಿನಲ್ಲಿ ಏನೋ ಮುಟ್ಟಿದ ಹಾಗಾಯಿತು. ಸುಳ್ಳಲ್ಲ. ಅಲ್ಲಿಂದ ಎಣಿಸಬೇಕಾಗಿ ಬಂದಿಲ್ಲ.

ಜಾಗ ಸಿಕ್ಕಿತು, ಇನ್ನು ಸ್ವರ. ಇದರಲ್ಲಿ ಒಂದೇ ಒಂದು ಫ್ರೆಟ್ಟಿನ (ಬೇಸ್‌ನ ಕತ್ತಿನ ಮೇಲಿನ ಅಡ್ಡಪಟ್ಟಿ) ವಿಷಯ ಹೇಳುತ್ತೇನೆ. ಎ ಸೆವೆನ್ ಕಾರ್ಡಿನ ಮೂರನೇ ಸ್ವರ ಸಿ ಶಾರ್ಪ್, ಎ ತಂತಿಯ ನಾಲ್ಕನೇ ಫ್ರೆಟ್. ಡಿ ಸೆವೆನ್‌ಗೆ ಹೋದರೆ ಅದರ ಏಳನೇ ಸ್ವರ ಬರೀ ಸಿ, ಮೂರನೇ ಫ್ರೆಟ್. ಎ ಸ್ಕೇಲ್ ಅಂತ ಡಿ ಮೇಲೂ ಸಿ ಶಾರ್ಪ್ ಒತ್ತಿ ನಿಂತರೆ ಕಾರ್ಡ್ ಮೇಜರ್ ಸೆವೆನ್ ಆಗಿಬಿಡುತ್ತದೆ, ಬ್ಲೂಸ್ ಹೋಗಿ ಹೋಟೆಲ್ ಲಾಬಿಯ ಸಂಗೀತ ಬರುತ್ತದೆ. ಗಿಟಾರಿಸ್ಟಿಗೆ ಎಲ್ಲೋ ಚುಚ್ಚುತ್ತದೆ, ಎಲ್ಲಿ ಅಂತ ತಿಳಿಯುವುದಿಲ್ಲ. ಹಾಗೆಯೇ ಎ ಸೆವೆನ್‌ನ ಏಳನೇ ಸ್ವರ ಜಿ ಒಂದು ಫ್ರೆಟ್ ಇಳಿದರೆ ಡಿ ಯ ಮೂರನೇ ಸ್ವರ ಎಫ್ ಶಾರ್ಪ್. ಡಿ ತಂತಿಯಲ್ಲಿ ಐದರಿಂದ ನಾಲ್ಕು. ನಾಲ್ಕನೇ ಬಾರಿನ ಕೊನೆಯ ಬೀಟಿನಲ್ಲಿ ಜಿ ಹಿಡಿದು, ಐದನೇ ಬಾರಿಗೆ ಎಫ್ ಶಾರ್ಪ್ ಮೇಲೆ ಇಳಿದು ನೋಡಿ. ಡಿ ಬಾರಿಸದೆಯೇ ಡಿ ಬಂತು ಅಂತ ಕೇಳುವವರಿಗೆ ಗೊತ್ತಾಗುತ್ತದೆ. ಆದರೆ ಪ್ರತಿ ಸುತ್ತಿನಲ್ಲಿ ಮಾಡಬೇಡಿ. ನಾನು ನಾಲ್ಕು ಸುತ್ತಿಗೆ ಒಮ್ಮೆ ಮಾಡುತ್ತೇನೆ.

ಬೆರಳುಗಳು ಚೌಕದಲ್ಲಿ ಓಡಾಡುವ ಒಂದೇ ಆಕಾರವನ್ನು ಐದನೇ ಫ್ರೆಟ್ಟಿನಿಂದ ತಂತಿ ದಾಟಿಸಿ, ಮತ್ತೆ ಎರಡು ಫ್ರೆಟ್ ಮೇಲೆ ಜಾರಿಸಿ ಮೂರೂ ಕಾರ್ಡ್ ಮುಗಿಸುವ ಚಟ ನನಗೂ ಇತ್ತು. ತಪ್ಪಿಲ್ಲ, ಆದರೆ ಕಾರ್ಡಿನಿಂದ ಕಾರ್ಡಿಗೆ ಮೆಟ್ಟಿಲು ಹಾರಿದ ಹಾಗೆ ಕೇಳುತ್ತದೆ. ಬದಲಾಗುವ ಮುಂಚಿನ ಬೀಟಿನಲ್ಲಿ ಹೋಗಬೇಕಾದ ರೂಟಿನ ಒಂದು ಫ್ರೆಟ್ ಆಚೆ ಅಥವಾ ಈಚೆ ನಿಂತು ಕಾದರೆ ಸಾಕು. ಒಂಬತ್ತರಿಂದ ಹತ್ತಕ್ಕೆ, ಇ ಯಿಂದ ಡಿ ಗೆ ಇಳಿಯುವಾಗ, ನಡುವಿನ ಇ ಫ್ಲಾಟ್ ತುಂಬ ಚೆನ್ನಾಗಿ ಕೂರುತ್ತದೆ.

ಶಫಲ್, ಅಂದರೆ ಒಂದು ಉದ್ದ ಒಂದು ಗಿಡ್ಡ ಸ್ವರವಾಗಿ ತೂಗುವ ಬ್ಲೂಸ್ ನಡೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ಊರಿನವರಿಗೆ ಇಲ್ಲಿ ಬೇರೆಯೇ ಒಂದು ಹೊಂಡ ಉಂಟು. ಬೈಲಾ ಬಾರಿಸಿದ ಕೈಗೆ ಆರು ಎಣಿಕೆಯ ಓಟ ರಕ್ತದಲ್ಲೇ ಇದೆ. ಶಫಲ್ ಅಂದ ಕೂಡಲೇ ಅದು ಕುಣಿಯಲು ಶುರು ಮಾಡುತ್ತದೆ, ಹಾಡು ಮದುವೆ ಹಾಲಿಗೆ ಹೋಗುತ್ತದೆ. ಕೆಲವರು ಅದಕ್ಕೆ ಹೆದರಿ ಸಪಾಟಾಗಿ ಬಾರಿಗೆ ಎಂಟು ಸಮ ಸ್ವರ ಬಾರಿಸುತ್ತಾರೆ, ಅದೂ ಅಲ್ಲ. ಮೆಟ್ರೋನೋಮ್ ಇಟ್ಟು ಒಂದು ವರ್ಷ ಒದ್ದಾಡಿದೆ. ಕೊನೆಗೆ ದಾರಿ ತೋರಿಸಿದ್ದು ಪಕ್ಕದ ಮನೆಯ ಮೃದಂಗದ ಮಾಷ್ಟ್ರು. ನಾನು ವೆರಾಂಡದಲ್ಲಿ ಬಾರಿಸುತ್ತಿದ್ದಾಗ ಗೇಟಿನ ಹೊರಗೆ ನಿಂತು ಕೇಳಿ, "ನಿಮ್ಮದು ತಿಶ್ರ, ಮೂರರ ನಡೆ ಅಲ್ವಾ? ತಕಿಟ ಹೇಳಿ, ಕಿ ಯನ್ನು ನುಂಗಿ" ಅಂದರು. ತ, ಟ. ತ, ಟ. ನಡುವಿನ ಕಿ ಬಾಯಿಂದ ಬರಬಾರದು, ಆದರೆ ಅದರ ಹೊತ್ತು ಕೊಡಬೇಕು. ಎರಡು ವಾರದಲ್ಲಿ ಶಫಲ್ ಕೂತಿತು. ಬೈಲಾದಲ್ಲಿ ಕಿ ಕೇಳಿಸುತ್ತದೆ, ಶಫಲ್‌ನಲ್ಲಿ ಅದು ಮೌನ. ವ್ಯತ್ಯಾಸ ಇಷ್ಟೇ. ಮಾಷ್ಟ್ರಿಗೆ ಒಂದು ಕಿಲೋ ಹಲ್ವ ಕೊಟ್ಟೆ. ಆರೂವರೆ ಸಾವಿರದ ಕೋರ್ಸಿನಲ್ಲಿ ಸಿಗದದ್ದು ಅದು.

ಮಾಷ್ಟ್ರನ್ನೇ ಮೃದಂಗ ಸಮೇತ ಕೂರಿಸಿ ಒಂದು ಸಂಜೆ ಬ್ಲೂಸ್ ಬಾರಿಸಿದ್ದೂ ಆಯ್ತು. ಮೃದಂಗದ ಎಡಗೈಯ ನಾದವೂ ನನ್ನ ಬೇಸೂ ಒಂದರ ಮೇಲೊಂದು ಬಿದ್ದು ಎರಡೂ ಕೇಳಿಸಲಿಲ್ಲ. ಅವರು ಎಡ ಬಿಟ್ಟು ಬಲಗೈಯಲ್ಲಿ ಮಾತ್ರ ನುಡಿಸಿದಾಗ ಅದ್ಭುತವಾಗಿತ್ತು. ರೆಕಾರ್ಡಿಂಗ್ ಫೋನಿನಲ್ಲಿ ಇದೆ. ಇನ್ನೊಮ್ಮೆ ಸ್ಯಾಕ್ಸೋಫೋನಿನವರೊಬ್ಬರು ಜೊತೆಗೆ ಬಂದರು. ಕದ್ರಿ ಗೋಪಾಲನಾಥರ ಊರಿನ ಕಡೆ ಸ್ಯಾಕ್ಸೋಫೋನಿಗೆ ಬರ ಇಲ್ಲ, ಮದುವೆಗೂ ದೇವಸ್ಥಾನಕ್ಕೂ ಅದೇ. ಅವರು ಗಮಕದಲ್ಲಿ ಮೂರನೇ ಸ್ವರವನ್ನು ಸಿ ಮತ್ತು ಸಿ ಶಾರ್ಪ್ ನಡುವೆ ತೂಗಿದರು. ಆಗ ಬೇಸ್‌ನಲ್ಲಿ ನಾನು ಮೂರನೇ ಸ್ವರವನ್ನೇ ಬಿಟ್ಟು ರೂಟ್, ಐದು, ಏಳರಲ್ಲಿ ನಿಂತೆ. ಹಾಡುವವರು, ಗಿಟಾರಿನವರು ತಂತಿ ಎಳೆದು ಆ ಸ್ವರದಲ್ಲಿ ಆಡುವಾಗ ಕೆಳಗಿನಿಂದ ನಾವು ಅದನ್ನು ಗಟ್ಟಿಮಾಡಿ ಹೇಳಬಾರದು ಅಂತ ಅವತ್ತು ಕಲಿತೆ.

ಸ್ವರದ ಉದ್ದ ಕೂಡ ದೊಡ್ಡ ವಿಷಯ. ಹಳೆಯ ಷಿಕಾಗೋ ಬ್ಲೂಸ್‌ನಲ್ಲಿ ವಿಲ್ಲಿ ಡಿಕ್ಸನ್ ಬಾರಿಸಿದ್ದು ನೆಟ್ಟಗೆ ನಿಲ್ಲಿಸಿಕೊಂಡು ಬಾರಿಸುವ ಮರದ ಡಬಲ್ ಬೇಸ್. ಅದರ ಸ್ವರ ಧಪ್ ಅಂತ ಬಂದು ಬೇಗ ಸಾಯುತ್ತದೆ. ನಮ್ಮ ಕರೆಂಟ್ ಬೇಸ್ ಎಳೆದುಕೊಂಡೇ ಹೋಗುತ್ತದೆ. ಫೆಂಡರ್ ಕಂಪನಿಯವರು 1951ರಲ್ಲಿ ತಂದ ಪ್ರಿಸಿಷನ್ ಬೇಸ್‌ನ ಬ್ರಿಡ್ಜಿನ ಮುಚ್ಚಳದ ಕೆಳಗೆ ಆ ಕಾಲದಲ್ಲಿ ತಂತಿ ಅದುಮಲು ಫೋಮ್ ಇರುತ್ತಿತ್ತು. ನಾನು ಪಾತ್ರೆ ತೊಳೆಯುವ ಸ್ಪಂಜನ್ನು ಒಂದು ಬೆರಳು ಅಗಲಕ್ಕೆ ಕತ್ತರಿಸಿ ಬ್ರಿಡ್ಜ್ ಹತ್ತಿರ ತುರುಕಿದೆ. ಹತ್ತು ರೂಪಾಯಿಯ ಸ್ಪಂಜು ಒಂಬತ್ತು ಸಾವಿರದ ಪೆಡಲ್ ಮಾಡದ ಕೆಲಸ ಮಾಡಿತು. ಎಷ್ಟು ದಪ್ಪ, ಎಲ್ಲಿ ಒತ್ತಬೇಕು ಅನ್ನುವುದು ನನ್ನಲ್ಲೇ ಇರಲಿ. ನಿಮ್ಮ ಬೇಸ್‌ಗೆ ನೀವೇ ಹುಡುಕಿಕೊಳ್ಳಿ.

ಮಳೆಗಾಲದಲ್ಲಿ ನಮ್ಮಲ್ಲಿ ತಂತಿಯ ಗತಿ ನಿಮಗೆ ಗೊತ್ತೇ ಇದೆ. ಜೂನ್‌ನಲ್ಲಿ ಹಾಕಿದ ರೌಂಡ್‌ವೌಂಡ್ (ದುಂಡು ಸರಿಗೆ ಸುತ್ತಿದ) ತಂತಿ ಆಗಸ್ಟಿಗೆ ತುಕ್ಕು. ಬಿಸಿನೀರಿನಲ್ಲಿ ಕುದಿಸಿ ನೋಡಿದೆ, ಒಂದು ವಾರ ಹೊಳೆಯಿತು, ಆಮೇಲೆ ಮತ್ತೆ ಅದೇ. ಮೂರೂವರೆ ಸಾವಿರ ಕೊಟ್ಟು ಫ್ಲಾಟ್‌ವೌಂಡ್ (ಚಪ್ಪಟೆ ಸರಿಗೆ ಸುತ್ತಿದ) ತಂತಿ ಹಾಕಿದೆ. ಮೂರು ಮಳೆಗಾಲ ದಾಟಿದೆ, ಇನ್ನೂ ಬದಲಾಯಿಸಿಲ್ಲ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಕೂಡ ಫ್ಲಾಟ್‌ವೌಂಡ್ ತಂತಿಯನ್ನು ತುಂಡಾಗುವವರೆಗೆ ಬದಲಾಯಿಸುತ್ತಿರಲಿಲ್ಲ. ಬ್ಲೂಸ್‌ಗೆ ಹಳೆಯ ತಂತಿಯೇ ಚಂದ.

ಈಗ ಕಾಲ್ ಬರುವುದು ಮೊದಲು ನನಗೆ. ಬ್ಲೂಸ್ ಸಂಜೆ ಅಂದರೆ ನಾಲ್ಕೂವರೆಯಿಂದ ಐದು ಸಾವಿರ ಕೇಳುತ್ತೇನೆ, ಕೊಡುತ್ತಾರೆ. ಕೊನೆಯ ಸುತ್ತಿನ ಹನ್ನೊಂದು, ಹನ್ನೆರಡನೇ ಬಾರಿನಲ್ಲಿ ನಾನು ಮಾಡುವ ಒಂದು ಇಳಿಕೆಯ ಬಗ್ಗೆ ತುಂಬ ಜನ ಕೇಳಿದ್ದಾರೆ. ಅದನ್ನು ಬರೆಯುವುದಿಲ್ಲ. ಮುಂದಿನ ಸಾಲಿನಲ್ಲಿ ಕೂತು ನೋಡಿಕೊಳ್ಳಿ.

ಮೈನರ್ ಬ್ಲೂಸ್‌ಗೆ ಗೆರೆ ಲೆಕ್ಕ ಸ್ವಲ್ಪ ತಿದ್ದಿಕೊಂಡೆ. ಎ ಮೈನರ್‌ನಲ್ಲಿ ಬುಡದ ಸಾಲಿನ ತೋರುಬೆರಳು ಎಫ್, ನಡುಬೆರಳು ಇ ಆಗುತ್ತದೆ. ಉಂಗುರ ಬೆರಳು ಆಗಲೂ ಮನೆಯೇ. ಎಂಟು ಬಾರಿನ ಬ್ಲೂಸ್ ಮಾತ್ರ ಬಗ್ಗುತ್ತಿಲ್ಲ. ಸಾಲು ಎರಡೇ. ನಮ್ಮ ಹಾಡಿನಲ್ಲಿ ಒನ್, ಫೈವ್, ಫೋರ್, ಫೋರ್, ಮತ್ತೆ ಒನ್, ಫೈವ್, ಒನ್, ಫೈವ್. ಮೊದಲ ಸಾಲಿನ ಉಂಗುರ ಬೆರಳಿನಲ್ಲೇ ಫೋರ್ ಕೂತಿದೆ. ಮೂರು ವಾರದಿಂದ ಬಸ್ಸಿನಲ್ಲಿ ಅದೇ ಎಣಿಸುತ್ತಿದ್ದೇನೆ. ನಿನ್ನೆ ಕೂಳೂರು ಸೇತುವೆಯ ಹತ್ತಿರ ಮೊದಲ ಸಲ ಆರು ಸುತ್ತು ತಪ್ಪದೆ ಬಂತು.