ಲಂಟಾನ ಕಿತ್ತ ಮೇಲಿನ ಕೆಲಸ

ಮೈಸೂರಿನ ನಮ್ಮ ಬಡಾವಣೆಯ ಉದ್ಯಾನದ ಹಿಂಭಾಗ ದೂರದಿಂದ ಹಚ್ಚಹಸಿರಾಗಿ ಕಾಣುತ್ತಿತ್ತು. ಹತ್ತಿರ ಹೋದರೆ ಅದೆಲ್ಲ ಲಂಟಾನ ಎಂಬ ಹೊರದೇಶದ ಕಳೆಪೊದೆ, ಅಂಚಿನಲ್ಲಿ ಪಾರ್ಥೇನಿಯಂ ಕಳೆ. ಅನುಮತಿ ಪಡೆದು ನಾವು ಕೆಲವರು ಭಾನುವಾರ ಬೆಳಿಗ್ಗೆ ಕೀಳಲು ಇಳಿದಾಗ, ವಾಯುವಿಹಾರಕ್ಕೆ ಬಂದ ಹಿರಿಯರೊಬ್ಬರು ತಡೆದರು. "ಈ ಹೂವಿಗೆ ಎಷ್ಟೊಂದು ಚಿಟ್ಟೆ ಬರುತ್ತವೆ, ಇದನ್ನೇಕೆ ಹಾಳು ಮಾಡುತ್ತೀರಿ?" ನ್ಯಾಯವಾದ ಪ್ರಶ್ನೆ. ಚಿಟ್ಟೆ ಮಕರಂದಕ್ಕೆ ಬರುತ್ತದೆ ನಿಜ, ಆದರೆ ಅದರ ಮರಿಹುಳು ತಿನ್ನುವುದು ಬೇರೆಯೇ ಎಲೆ. ಪ್ಲೇನ್ ಟೈಗರ್ ಚಿಟ್ಟೆಗೆ ಎಕ್ಕ ಬೇಕು, ಕ್ರಿಮ್ಸನ್ ರೋಸ್ ಚಿಟ್ಟೆಗೆ ಈಶ್ವರಿ ಬಳ್ಳಿ ಬೇಕು. ಲಂಟಾನದ ಅಡಿಯಲ್ಲಿ ಇವಾವುವೂ ಬೆಳೆಯುವುದಿಲ್ಲ. ಪೊದೆ ಸರಿಸಿ ಬುಡದ ಬರಿಮಣ್ಣನ್ನು ಅವರಿಗೆ ತೋರಿಸಿದೆವು.

ಲಂಟಾನವನ್ನು ಮಚ್ಚಿನಿಂದ ಕಡಿದರೆ ಬುಡದಿಂದ ಇನ್ನಷ್ಟು ಚಿಗುರುತ್ತದೆ, ಬೆಂಕಿ ಹಾಕಿದರೂ ಅಷ್ಟೆ. ಚಿಗುರುವ ಶಕ್ತಿ ಇರುವುದು ಕಾಂಡ ಮತ್ತು ಬೇರು ಕೂಡುವ ಜಾಗದಲ್ಲಿ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ವಿಧಾನವನ್ನು ನಾವು ಅನುಸರಿಸಿದೆವು: ನೆಲಮಟ್ಟದಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕತ್ತರಿಸಿ, ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡುವುದು. ಬೇರು ಮಣ್ಣಿಗೆ ತಾಗದೆ ಬಿಸಿಲಿಗೆ ಒಣಗುತ್ತದೆ. ಭರಣಿ ಮಳೆ ಬಿದ್ದು ಕೆಮ್ಮಣ್ಣು ಸಡಿಲವಾದಾಗ ಪಿಕಾಸಿ ಸಲೀಸಾಗಿ ಇಳಿಯುತ್ತದೆ. ಎಲ್ಲವನ್ನೂ ಒಂದೇ ಸಲ ಬಯಲು ಮಾಡಲಿಲ್ಲ. ಹಕ್ಕಿಗೂಡು ಕಂಡ ಪೊದೆಗಳನ್ನು ಮರಿ ಹಾರುವವರೆಗೆ ಮುಟ್ಟಲಿಲ್ಲ.

ಕೀಳುವ ದಿನ ಜನ ಸೇರುತ್ತಾರೆ. ನಮಗೆ ಜನ ಬೇಕಾಗುವುದು ಆಮೇಲೆ. ಮಣ್ಣಿನಲ್ಲಿ ಉಳಿದ ಬೀಜ ಮಳೆ ಬಿದ್ದೊಡನೆ ಮೊಳೆಯುತ್ತದೆ. ಪಿಕಳಾರಗಳು ಲಂಟಾನದ ಹಣ್ಣು ತಿಂದು ಮರದ ಮೇಲೆ ಕುಳಿತು ಹಿಕ್ಕೆ ಹಾಕುತ್ತವೆ. ಸಸಿಗಳು ಆ ಮರಗಳ ಕೆಳಗೇ ಗುಂಪಾಗಿ ಏಳುತ್ತವೆ. ಹೊಸದಾಗಿ ಬಂದವರನ್ನು ಮೊದಲು ಅಲ್ಲಿಗೇ ಕರೆದೊಯ್ಯುತ್ತೇನೆ. ಗೇಣುದ್ದದ ಸಸಿ ಕೈಯಲ್ಲೇ ಬರುತ್ತದೆ. ಬಲಿಯಲು ಬಿಟ್ಟರೆ ಮತ್ತೆ ಪಿಕಾಸಿ ಹಿಡಿಯಬೇಕು. ಪಾರ್ಥೇನಿಯಂ ಅನ್ನು ಹೂ ಬಿಡುವ ಮುನ್ನವೇ ಕೈಗವಸು ತೊಟ್ಟು ಬೇರುಸಹಿತ ತೆಗೆಯುತ್ತೇವೆ. ಉಬ್ಬಸ, ಚರ್ಮದ ಅಲರ್ಜಿ ಇರುವವರನ್ನು ಅದರ ಹತ್ತಿರ ಬಿಡುವುದಿಲ್ಲ.

ಜಾಗ ತೆರವಾದೊಡನೆ ಗುಂಡಿ ತೋಡಿ ಗಿಡ ನೆಡುವ ಅವಸರ ನನಗೆ ಒಪ್ಪಿಗೆಯಿಲ್ಲ. ಒಂದು ಮಳೆಗಾಲ ಕಾದೆವು. ಬೆಳಕು ಬಿದ್ದ ನೆಲದಲ್ಲಿ ಗರಿಕೆ, ತುಂಬೆ, ಎಕ್ಕ, ತಂಗಡಿ ತಾವಾಗಿಯೇ ಎದ್ದವು; ಬೇವು, ಹೊಂಗೆಯ ಸಸಿಗಳೂ ಕಂಡವು. ಕಳೆಯೊಂದಿಗೆ ಇವೂ ಹೋಗದಿರಲೆಂದು ಪಕ್ಕದಲ್ಲಿ ಬಿದಿರುಕಡ್ಡಿ ನೆಟ್ಟೆವು. ಬಾರದೇ ಉಳಿದವನ್ನಷ್ಟೇ ನಾವು ಬೆಳೆಸಿದೆವು: ಮುತ್ತುಗ, ಕಕ್ಕೆ, ಬಿಲ್ವ, ಕವಳೆ, ಲಕ್ಕಿ, ಈಶ್ವರಿ ಬಳ್ಳಿ. ಚಾಮುಂಡಿ ಬೆಟ್ಟ ಮೀಸಲು ಅರಣ್ಯವಾದ್ದರಿಂದ ಅಲ್ಲಿಂದ ಏನನ್ನೂ ತರಲಿಲ್ಲ, ಮರದ ಬೀಜಗಳನ್ನು ರಸ್ತೆಬದಿಯಲ್ಲೇ ಆಯ್ದೆವು. ಕಕ್ಕೆ ಬೀಜದ ಸಿಪ್ಪೆ ಬಹಳ ಗಟ್ಟಿ. ಒರಟು ಕಲ್ಲಿಗೆ ಉಜ್ಜಿ ಒಂದು ರಾತ್ರಿ ನೆನೆಸಿದರೆ ಮೊಳಕೆ ಬೇಗ ಬರುತ್ತದೆ. ದಾನಿಗಳು ಮರವನ್ನೇ ಕೇಳುತ್ತಾರೆ, ಪೊದೆಗೆ ದುಡ್ಡು ಕೊಡುವವರು ಕಡಿಮೆ. ಪುಟ್ಟ ಹಕ್ಕಿಗಳು ಅಡಗುವುದಕ್ಕೆ ಕವಳೆಯ ಮುಳ್ಳು ಎಷ್ಟು ಮುಖ್ಯವೆಂದು ಪ್ರತಿಸಲವೂ ಕೂತು ವಿವರಿಸುತ್ತೇನೆ.

ನೆಟ್ಟ ಸಸಿಗಳಿಗೆ ಮೊದಲ ಎರಡು ಬೇಸಿಗೆ ನೀರು ಬೇಕೇ ಬೇಕು. ಗುಡಿಸಿದ ತರಗೆಲೆಯನ್ನು ಸುಡದೆ ನಮಗೆ ಕೊಡಲು ಮಾಲಿಗಳು ಒಪ್ಪಿದ್ದಾರೆ. ಶಿವರಾತ್ರಿಯೊಳಗೆ ಎಲ್ಲ ಬುಡಗಳಿಗೂ ಅದರ ಹೊದಿಕೆ ಹಾಕಿ ಮುಗಿಸಬೇಕು.