8,775 ರೂಪಾಯಿ ಕಡಿತಕ್ಕೆ ಒಪ್ಪದೆ ಲ್ಯಾಪ್‌ಟಾಪ್ ವಾಪಸ್ ಕೊಟ್ಟ ನನ್ನ ಅನುಭವ

ತುಮಕೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ಹೀಗೆ ಬಂದ ಕೆಲಸವೆಲ್ಲ ಮಾಡುತ್ತೇನೆ. ಹಳೇ ಕಂಪ್ಯೂಟರ್ ಮದುವೆ ಸೀಸನ್ ನಡುವೆ ಕೈಕೊಡುವ ಹಾಗಿತ್ತು. ಅದಕ್ಕೇ ಮಾರ್ಚ್‌ನಲ್ಲಿ ಬೆಂಗಳೂರಿಗೆ ಹೋಗಿ, ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಹೊಸ ಲ್ಯಾಪ್‌ಟಾಪ್ ತಗೊಂಡೆ. ಬೆಲೆ 58,500 ರೂಪಾಯಿ. ಕ್ರೆಡಿಟ್ ಕಾರ್ಡಿನಲ್ಲಿ ದುಡ್ಡು ಕೊಟ್ಟೆ.

ಎರಡನೇ ದಿನವೇ ತೊಂದರೆ ಶುರುವಾಯಿತು. ಒಂದು ಪತ್ರಿಕೆಯಲ್ಲಿ ಮುಹೂರ್ತದ ಸಾಲು ಟೈಪ್ ಮಾಡುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಸ್ಕ್ರೀನ್ ನೀಲಿಯಾಯಿತು, ಮೆಷೀನ್ ತಾನಾಗಿಯೇ ರೀಸ್ಟಾರ್ಟ್ ಆಯಿತು. ಮಾರನೇ ದಿನ ನಾಲ್ಕು ಸಲ ಹಾಗೇ ಆಯಿತು. ನನಗೆ ಮೊದಲು ಹೊಳೆದದ್ದು ವಿಂಡೋಸ್ ರೀಸೆಟ್ ಮಾಡಿಬಿಡೋಣ ಅಂತ. ಪಕ್ಕದ ಮೊಬೈಲ್ ಅಂಗಡಿಯ ಹುಡುಗ ತಡೆದ. "ಅಕ್ಕ, ರೀಸೆಟ್ ಮಾಡಿದರೆ ಕೆಟ್ಟಿದ್ದರ ದಾಖಲೆನೂ ಅಳಿಸಿ ಹೋಗುತ್ತೆ, ಮೊದಲು ಫೋಟೋ ತಗೊಳ್ಳಿ" ಅಂದ. ಅವನ ಆ ಮಾತಿಗೆ ನಾನು ಇವತ್ತಿಗೂ ಋಣಿ.

ವಿಂಡೋಸ್‌ನಲ್ಲಿ "ರಿಲಯಬಿಲಿಟಿ ಹಿಸ್ಟರಿ" ಅಂತ ಒಂದು ಪುಟ ಇದೆ. ಸ್ಟಾರ್ಟ್ ಮೆನುವಿನಲ್ಲಿ ಹುಡುಕಿದರೆ ಸಿಗುತ್ತದೆ. ಯಾವ ದಿನ ಮೆಷೀನ್ ಕುಸಿಯಿತೋ ಆ ದಿನದ ಕೆಳಗೆ ಕೆಂಪು ಗುರುತು ಬಿದ್ದಿರುತ್ತದೆ, ಒತ್ತಿದರೆ ಹೊತ್ತೂ ಕಾಣುತ್ತದೆ. ನನ್ನದರಲ್ಲಿ ಎರಡು ದಿನಕ್ಕೆ ಐದು ಸಲ ಕುಸಿದದ್ದು ದಾಖಲಾಗಿತ್ತು. ಆಮೇಲೆ ವಿಂಡೋಸ್‌ನದ್ದೇ ಮೆಮೊರಿ ಡಯಾಗ್ನೋಸ್ಟಿಕ್ ಅನ್ನುವ ಪರೀಕ್ಷೆ ಓಡಿಸಿದೆ. ಹಾರ್ಡ್‌ವೇರ್‌ನಲ್ಲಿ ತೊಂದರೆ ಇದೆ ಅಂತ ಅದು ನೇರವಾಗಿಯೇ ಹೇಳಿತು. ಎರಡನ್ನೂ ಮೊಬೈಲಿನಲ್ಲಿ ಫೋಟೋ ತೆಗೆದೆ. ಪ್ರತಿ ಫೋಟೋದಲ್ಲೂ ಮೆಷೀನಿನ ಸೀರಿಯಲ್ ನಂಬರ್ ಇರುವ ಬಾಕ್ಸ್ ಪಕ್ಕದಲ್ಲಿ ಕಾಣುವ ಹಾಗೆ ಇಟ್ಟುಕೊಂಡೆ. ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡೆ.

ಐದನೇ ದಿನ ಬೆಳಗಿನ ರೈಲು ಹತ್ತಿದೆ. ಚಾರ್ಜರ್, ಥರ್ಮಾಕೋಲ್, ಒಳಗಿನ ಪ್ಲಾಸ್ಟಿಕ್ ಕವರ್, ಒಂದೂ ಬಿಡದೆ ಬಾಕ್ಸ್‌ಗೆ ತುಂಬಿದ್ದೆ. ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಚಿಕ್ಕಪೇಟೆಗೆ ಬಂದು, ಅಲ್ಲಿಂದ ಬಾಕ್ಸ್ ಹೊತ್ತು ಅಂಗಡಿಗೆ ನಡೆದೆ.

"ವಾಪಸ್ ತಗೋತೀವಿ ಮೇಡಂ. ಆದರೆ ಬಾಕ್ಸ್ ಓಪನ್ ಆಗಿದೆ, ಎಂಎಸ್ ಆಫೀಸ್ ಆ್ಯಕ್ಟಿವೇಟ್ ಆಗಿದೆ. ರೀಸ್ಟಾಕಿಂಗ್ ಚಾರ್ಜ್ 15 ಪರ್ಸೆಂಟ್ ಕಟ್ ಆಗುತ್ತೆ" ಅಂದ ಕೌಂಟರಿನ ಹುಡುಗ. ವಾಪಸ್ ಬಂದ ಮಾಲನ್ನು ಮತ್ತೆ ಮಾರಾಟಕ್ಕಿಡುವ ಖರ್ಚು ಅಂತ ಹಿಡಿದುಕೊಳ್ಳುವ ದುಡ್ಡು ಅದು, ಅಂದರೆ 8,775 ರೂಪಾಯಿ. ನನಗೆ ಅದು ಮೂರು ಮದುವೆಯ ಪತ್ರಿಕೆ ಕೆಲಸದ ಕೂಲಿ. ಬಿಲ್ಲಿನಲ್ಲಿ ಇದರ ಸುದ್ದಿಯೇ ಇಲ್ಲ. ಗೋಡೆಯ ಮೇಲಿನ ಒಂದು ಚೀಟಿಯಲ್ಲಿ ಮಾತ್ರ ಬರೆದಿತ್ತು.

ನಾನು ಮಾತಾಡುವಷ್ಟರಲ್ಲಿ ಆ ಹುಡುಗ ಕಾರ್ಬನ್ ಇಟ್ಟ ಪುಸ್ತಕ ತೆಗೆದು ವಾಪಸ್ ಚೀಟಿ ಬರೆದ. ನನ್ನ ಹೆಸರು, ಮಾಡೆಲ್, ಸೀರಿಯಲ್ ನಂಬರ್ ಎಲ್ಲ ಬರೆದು, ಕಾರಣ ಅನ್ನುವ ಜಾಗದಲ್ಲಿ "ಕಸ್ಟಮರ್ ನಾಟ್ ಸ್ಯಾಟಿಸ್ಫೈಡ್" ಅಂತ ಹಾಕಿದ. ಪೆನ್ನು ನನ್ನ ಕಡೆ ತಿರುಗಿಸಿ "ಇಲ್ಲೊಂದು ಸೈನ್ ಮಾಡಿ" ಅಂದ.

ದಿನವಿಡೀ ಪ್ರೂಫ್ ನೋಡುವ ಕಣ್ಣು ನನ್ನದು. ಆ ಮೂರು ಪದದ ಮೇಲೆ ಹೋಗಿ ನಿಂತುಬಿಟ್ಟಿತು. ಅಲ್ಲಿ ಸೈನ್ ಮಾಡಿದರೆ ಏನಾಗುತ್ತದೆ ಹೇಳಿ. ಮೆಷೀನ್ ಚೆನ್ನಾಗಿಯೇ ಇತ್ತು, ನನಗೇ ಇಷ್ಟವಾಗಲಿಲ್ಲ ಅಂತ ನಾನೇ ಬರೆದುಕೊಟ್ಟ ಹಾಗೆ ಅಲ್ವಾ? ಮನಸ್ಸು ಬದಲಾಯಿಸಿದವರಿಂದ ಅಂಗಡಿಯವರು ಸ್ವಲ್ಪ ಹಿಡಿದುಕೊಂಡರೆ ನನಗೆ ತಕರಾರಿಲ್ಲ. ಬಾಕ್ಸ್ ಒಡೆದ ಒಳ್ಳೇ ಮೆಷೀನನ್ನು ಅವರು ಮತ್ತೆ ಷೆಲ್ಫಿನಲ್ಲಿಟ್ಟು ಕಡಿಮೆ ಬೆಲೆಗೆ ಮಾರಬೇಕು, ಆ ನಷ್ಟ ನಿಜ. ಆದರೆ ಕೆಟ್ಟ ಮೆಷೀನ್ ಷೆಲ್ಫಿಗೇ ಹೋಗುವುದಿಲ್ಲ, ಹೋಗಲೂಬಾರದು. ಅದು ಕಂಪನಿಗೆ ಹೋಗಬೇಕು. ಷೆಲ್ಫಿಗೆ ಹೋಗದ ಮಾಲಿಗೆ ಷೆಲ್ಫಿಗಿಡುವ ಚಾರ್ಜ್ ಯಾಕೆ?

"ನೋಡಪ್ಪ, ಇಷ್ಟವಾಗಲಿಲ್ಲ ಅಂತ ನಾನು ತಂದಿಲ್ಲ. ಇದು ಕೆಟ್ಟಿದೆ. ಅದನ್ನೇ ಬರಿ" ಅಂದೆ. ಅವನು ಒಳಗೆ ಕೂತಿದ್ದ ಮಾಲೀಕರ ಮುಖ ನೋಡಿದ. "ಕೆಟ್ಟಿದೆ ಅಂತ ಸರ್ವಿಸ್ ಸೆಂಟರ್ ಹೇಳಬೇಕು ಮೇಡಂ, ನಾವು ಬರೆಯೋಕಾಗಲ್ಲ" ಅಂದರು ಅವರು. ನಾನು ಸೈನ್ ಮಾಡಲಿಲ್ಲ. ಚೀಟಿಯ ಫೋಟೋ ತೆಗೆದುಕೊಂಡು, ಬಾಕ್ಸ್ ಎತ್ತಿಕೊಂಡು ಹೊರಟೆ.

ಅಲ್ಲಿಂದ ಸೀದಾ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿನ ಎಂಜಿನಿಯರ್ ಅವರದೇ ಟೆಸ್ಟ್ ಓಡಿಸಿದರು, ಮೆಮೊರಿಯಲ್ಲೇ ದೋಷ ಅಂತ ಬಂತು. ಈ ಮಾಡೆಲಿನಲ್ಲಿ ಮೆಮೊರಿ ಮದರ್‌ಬೋರ್ಡಿಗೇ ಬೆಸೆದಿರುತ್ತದೆ, ಬೇರೆ ಮಾಡಿ ಹಾಕಲು ಬರುವುದಿಲ್ಲ. "ವಾರಂಟಿಯಲ್ಲಿ ಬೋರ್ಡ್ ಬದಲಾಯಿಸಿ ಕೊಡುತ್ತೇವೆ, ಖರ್ಚಿಲ್ಲ" ಅಂದರು. ಆ ಹೊತ್ತಿಗೆ ನನಗೆ ಹೂಂ ಅನ್ನಬೇಕು ಅನಿಸಿತು. ಆದರೆ ಐದು ದಿನದ ಮೆಷೀನಿಗೆ ರಿಪೇರಿ ಬೋರ್ಡ್ ಹಾಕಿಸಿಕೊಂಡರೆ ಅದು ರಿಪೇರಿಯಾದ ಮೆಷೀನ್ ಆಗುತ್ತದೆ, ವಾಪಸ್ ಕೊಡುವ ದಾರಿ ಕಷ್ಟವಾಗುತ್ತದೆ. ಹೊಸದರಲ್ಲೇ ಹೀಗೆ ಕೆಟ್ಟಿರುವ ಮಾಲಿಗೆ ಈ ವ್ಯಾಪಾರದಲ್ಲಿ ಡಿಒಎ (ಡೆಡ್ ಆನ್ ಅರೈವಲ್) ಅನ್ನುತ್ತಾರೆ. ಕೈಗೆ ಬರುವಾಗಲೇ ಸತ್ತಿದ್ದ ಮಾಲು ಅಂತ ಅರ್ಥ. ಅದರ ಪತ್ರ ಕೊಡಲು ಕಂಪನಿಗಳು ಸಾಮಾನ್ಯವಾಗಿ ಕೆಲವೇ ದಿನದ ಗಡುವು ಇಟ್ಟಿರುತ್ತವೆ. "ರಿಪೇರಿ ಬೇಡ, ಡಿಒಎ ಪತ್ರ ಕೊಡಿ" ಅಂತ ಕೇಳಿದೆ. ಜಾಬ್ ಶೀಟಿನಲ್ಲಿ ಸುಮ್ನೆ "ಚೆಕ್" ಅಂತ ಬರೆಯದೆ, "ತಾನಾಗಿಯೇ ರೀಸ್ಟಾರ್ಟ್, ಮೆಮೊರಿ ಟೆಸ್ಟ್ ಫೇಲ್" ಅಂತಲೇ ಬರೆಸಿಕೊಂಡೆ. ಮೂರು ದಿನ ಬಿಟ್ಟು ಪತ್ರ ಇಮೇಲಿಗೆ ಬಂತು.

ಆ ಪತ್ರ ಕಳಿಸಿ ಮಾಲೀಕರಿಗೆ ಫೋನ್ ಮಾಡಿದಾಗ ದನಿ ಬದಲಾಗಿತ್ತು. ಡಿಸ್ಟ್ರಿಬ್ಯೂಟರ್ ಈ ಪತ್ರ ಇಲ್ಲದೆ ಅವರಿಂದ ಮಾಲು ವಾಪಸ್ ತಗೊಳ್ಳುವುದಿಲ್ಲವಂತೆ, ಎಲ್ಲ ಅವರ ತಲೆ ಮೇಲೇ ಬೀಳುತ್ತದಂತೆ. ಅವರ ಭಯ ನನಗೆ ಅರ್ಥವಾಯಿತು. ಆದರೂ 15 ಪರ್ಸೆಂಟ್ ಮಾತು ಬಿಡಲಿಲ್ಲ. "ಜಿಎಸ್‌ಟಿ ಕಟ್ಟಿದ್ದೀವಿ ಮೇಡಂ, ಅದು ವಾಪಸ್ ಬರಲ್ಲ" ಅಂದರು. ಬೇರೆ ಮೆಷೀನ್ ಬೇಕಂದರೆ ಮೂರು ವಾರ ಕಾಯಬೇಕು ಅಂದರು. ಮೂರು ವಾರದಲ್ಲಿ ನನ್ನ ಅರ್ಧ ಸೀಸನ್ ಮುಗಿಯುತ್ತದೆ.

ಜಿಎಸ್‌ಟಿ ವಿಷಯ ನಮ್ಮ ಲೆಕ್ಕಪತ್ರ ನೋಡುವವರನ್ನು ಕೇಳಿದೆ. ಲ್ಯಾಪ್‌ಟಾಪಿಗೆ 18 ಪರ್ಸೆಂಟ್, ಅಂದರೆ ನನ್ನ ಬಿಲ್ಲಿನಲ್ಲಿ ಸುಮಾರು 8,900 ರೂಪಾಯಿ ತೆರಿಗೆ. ಮಾಲು ವಾಪಸ್ ಬಂದಾಗ ಅಂಗಡಿಯವರು ಕ್ರೆಡಿಟ್ ನೋಟ್ (ಮಾಲು ವಾಪಸ್ ಬಂದದ್ದಕ್ಕೆ ಬರೆಯುವ ಲೆಕ್ಕದ ಚೀಟಿ) ಹಾಕಿ ಆ ತೆರಿಗೆಯನ್ನು ತಮ್ಮ ಲೆಕ್ಕದಲ್ಲಿ ಕಳೆದುಕೊಳ್ಳಬಹುದು. ಹಾಗಾಗಿ ಆ ಮಾತು ನಿಲ್ಲುವುದಿಲ್ಲ. ಲೆಕ್ಕಪತ್ರ ನೋಡುವವರು ಇನ್ನೊಂದು ಮಾತು ಕೇಳಿದರು, "ಬಿಲ್ ಯಾರ ಹೆಸರಲ್ಲಿದೆ?" ಅಂತ. ಅಂಗಡಿ ಹೆಸರಿನಲ್ಲಿ ಜಿಎಸ್‌ಟಿ ನಂಬರ್ ಹಾಕಿ ಬಿಲ್ ಮಾಡಿಸಿದ್ದರೆ, ಇದು ವ್ಯಾಪಾರದ ಖರೀದಿ, ಇವರು ಗ್ರಾಹಕರೇ ಅಲ್ಲ ಅಂತ ಎದುರಿನವರು ವಾದ ಹೂಡಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಬಳಸುವ ವಸ್ತುವಾದರೆ ಕಾನೂನು ನಮ್ಮನ್ನು ಗ್ರಾಹಕರೆಂದೇ ಎಣಿಸುತ್ತದೆ, ಆದರೆ ಅದನ್ನು ತೋರಿಸುವ ಕೆಲಸ ಜಾಸ್ತಿ. ನನ್ನ ಬಿಲ್ ನನ್ನ ಹೆಸರಿನಲ್ಲೇ ಇತ್ತು.

2019ರ ಗ್ರಾಹಕರ ರಕ್ಷಣಾ ಕಾಯ್ದೆಯಲ್ಲಿ ಇದಕ್ಕೆ ಸಂಬಂಧಿಸಿದ ಭಾಗವನ್ನು ಒಂದು ರಾತ್ರಿ ಕೂತು ನಾನೇ ಓದಿದೆ. 2(47) ಅನ್ನುವ ಕಲಮಿನಲ್ಲಿ ಅನುಚಿತ ವ್ಯಾಪಾರ ಪದ್ಧತಿ ಯಾವುದು ಅಂತ ಪಟ್ಟಿ ಇದೆ. ದೋಷವಿರುವ ಮಾಲನ್ನು ವಾಪಸ್ ತೆಗೆದುಕೊಂಡು ಹಣ ಹಿಂದಿರುಗಿಸಲು ಒಪ್ಪದಿರುವುದು ಅದರಲ್ಲಿ ಒಂದು. ಬಿಲ್ಲಿನಲ್ಲಿ ಗಡುವು ಬರೆದಿದ್ದರೆ ಆ ಗಡುವಿನೊಳಗೆ, ಬರೆದಿಲ್ಲದಿದ್ದರೆ 30 ದಿನದೊಳಗೆ. ನನ್ನ ಬಿಲ್ಲಿನಲ್ಲಿ ಗಡುವು ಇರಲಿಲ್ಲ. ನಾನಿನ್ನೂ ಹನ್ನೊಂದನೇ ದಿನದಲ್ಲಿದ್ದೆ.

ಮಾರನೇ ಬೆಳಿಗ್ಗೆ ಒಂದು ಪುಟದ ಪತ್ರ ಟೈಪ್ ಮಾಡಿದೆ. ಸಿಟ್ಟಿನ ಮಾತು ಒಂದನ್ನೂ ಹಾಕಲಿಲ್ಲ. ಖರೀದಿಯ ದಿನ, ಬಿಲ್ ನಂಬರ್, ಸೀರಿಯಲ್ ನಂಬರ್, ತೊಂದರೆ ಶುರುವಾದ ದಿನ, ಅಂಗಡಿಗೆ ತಂದ ದಿನ, ಡಿಒಎ ಪತ್ರದ ದಿನ. ಆಮೇಲೆ ಇಷ್ಟೇ ಬರೆದೆ: "ನಾನು ಮನಸ್ಸು ಬದಲಾಯಿಸಿ ಮಾಲು ಹಿಂದಿರುಗಿಸುತ್ತಿಲ್ಲ. ದೋಷವಿರುವುದನ್ನು ಕಂಪನಿಯೇ ಒಪ್ಪಿದೆ. ಆದ್ದರಿಂದ 58,500 ರೂಪಾಯಿಯನ್ನು ಯಾವ ಕಡಿತವೂ ಇಲ್ಲದೆ 7 ದಿನದೊಳಗೆ ನನ್ನ ಕಾರ್ಡಿಗೆ ಹಿಂದಿರುಗಿಸಬೇಕು. ಇಲ್ಲದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ." ವಾಟ್ಸಾಪ್, ಇಮೇಲ್, ಸ್ಪೀಡ್ ಪೋಸ್ಟ್ ಮೂರರಲ್ಲೂ ಕಳಿಸಿದೆ.

ತುಮಕೂರು ಅಂತ ಬೇಕೆಂದೇ ಬರೆದೆ. ಈಗಿನ ಕಾಯ್ದೆಯಲ್ಲಿ ನಾವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರು ಬೇಕೇ ಬೇಕು ಅಂತಿಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ತಾರೀಖಿಗೆಲ್ಲ ಬೆಂಗಳೂರಿನಿಂದ ಅವರೇ ಓಡಾಡಬೇಕಾಗುತ್ತದೆ ಅನ್ನುವುದು ಅವರಿಗೂ ಗೊತ್ತಾಗಲಿ ಅನಿಸಿತು.

ಅದೇ ದಿನ 1915ಕ್ಕೂ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ದೂರು ದಾಖಲಾಗಿ ಒಂದು ನಂಬರ್ ಬಂತು. ಸಹಾಯವಾಣಿ ಕೋರ್ಟ್ ಅಲ್ಲ, ಅವರು ಯಾರಿಗೂ ಆದೇಶ ಕೊಡುವುದಿಲ್ಲ. ಆದರೆ ಅಲ್ಲಿ ದಾಖಲಾದ ತಾರೀಖು ನಮ್ಮ ಪರವಾಗಿ ಉಳಿಯುತ್ತದೆ. ಆ ನಂಬರನ್ನೂ ಮಾಲೀಕರಿಗೆ ಕಳಿಸಿದೆ.

ನಾಲ್ಕನೇ ದಿನ ಅವರೇ ಫೋನ್ ಮಾಡಿದರು. "ಅರ್ಧ ಅರ್ಧ ಮಾಡಿಕೊಳ್ಳೋಣ ಮೇಡಂ" ಅಂದರು. ನಿಜ ಹೇಳಬೇಕೆಂದರೆ ಮನಸ್ಸು ಅಲ್ಲಾಡಿತು. ಟೇಬಲ್ ಮೇಲೆ ಆರು ಪತ್ರಿಕೆಯ ಕೆಲಸ ಬಾಕಿ ಇತ್ತು. ಆದರೆ ಅರ್ಧ ಕೊಟ್ಟರೂ ತಪ್ಪು ನನ್ನದು ಅಂತ ಒಪ್ಪಿದ ಹಾಗೆ. "ಅಣ್ಣ, ನಿಮಗೆ ನಷ್ಟ ಆಗಲಿ ಅಂತ ನನಗಿಲ್ಲ. ಪತ್ರ ಇದೆಯಲ್ಲ, ಕಂಪನಿ ನಿಮಗೆ ಪೂರ್ತಿ ಕೊಡುತ್ತೆ. ನೀವು ನನಗೆ ಪೂರ್ತಿ ಕೊಡಿ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಶನಿವಾರ ತಂದುಬಿಡಿ" ಅಂದರು.

ಶನಿವಾರದ ಹೊತ್ತಿಗೆ ಆಫೀಸ್ ಖಾತೆಯಿಂದ ಸೈನ್ ಔಟ್ ಮಾಡಿ, ಆಗ ಮೆಷೀನ್ ರೀಸೆಟ್ ಮಾಡಿದೆ. ಅಂಗಡಿಯಲ್ಲಿ ಮತ್ತೆ ಅದೇ ಕಾರ್ಬನ್ ಪುಸ್ತಕ. ಈ ಸಲ ಹುಡುಗ ಬರೆಯುವ ಮುಂಚೆ ನನ್ನನ್ನೇ ಕೇಳಿದ, "ಕಾರಣ ಏನಂತ ಹಾಕಲಿ ಮೇಡಂ?" ಡಿಒಎ ಅಂತ ಹಾಕಿ ಪಕ್ಕದಲ್ಲಿ ಪತ್ರದ ನಂಬರ್ ಬರೆದ. ಸೈನ್ ಮಾಡಿದೆ. ಅಂಗಡಿಯಲ್ಲೇ ಬೇರೇನಾದರೂ ತಗೊಳ್ಳಿ ಅಂತ ಕೂಪನ್ ಕೊಡಲು ಬಂದರು, ಬೇಡ ಅಂದೆ. ಕಾರ್ಡಿಗೇ ರಿವರ್ಸ್ ಮಾಡಿಸಿ, ಅದರ ಸ್ಲಿಪ್ ಈಸಿಕೊಂಡೆ.

ಆರು ದಿನಕ್ಕೆ 58,500 ರೂಪಾಯಿ ಪೂರ್ತಿ ಕಾರ್ಡಿಗೆ ಬಂತು. ರೈಲು, ಮೆಟ್ರೋ, ಎರಡು ದಿನದ ಕೆಲಸ ಹೋಯಿತು, ಅದನ್ನು ಕೇಳಲಿಲ್ಲ. ಹೊಸ ಮೆಷೀನನ್ನು ತುಮಕೂರಿನಲ್ಲೇ ತಗೊಂಡೆ. ದುಡ್ಡು ಕೊಡುವ ಮುಂಚೆ ಕೌಂಟರಿನಲ್ಲೇ ಬಾಕ್ಸ್ ಒಡೆಸಿ, ಮೆಮೊರಿ ಟೆಸ್ಟ್ ಹಚ್ಚಿ, ಅದು ಮುಗಿಯುವ ತನಕ ಸ್ಟೂಲ್ ಹಾಕಿಕೊಂಡು ಕೂತಿದ್ದೆ.