ಸಿಟ್ಟಿನಲ್ಲಿ ಟೈಪಾದ ಕಾಗದ

ತುಮಕೂರಿನ ಕೈಗಾರಿಕಾ ಪ್ರದೇಶ ವಸಂತನರಸಾಪುರದ ಮಾಲೀಕರಿಂದ ವಕೀಲನಾದ ನನಗೆ ಫೋನ್ ಬರುವುದು ಹೆಚ್ಚಾಗಿ ಶಿಫ್ಟ್ ಬಿಡುವ ಹೊತ್ತಿಗೆ. ‘ಸಾರ್, ನಾಳೆಯಿಂದ ಇವನನ್ನ ಗೇಟ್ ಒಳಗೆ ಬಿಡಲ್ಲ. ಒಂದು ಲೆಟರ್ ಮಾಡಿಕೊಡಿ.’ ನಾನು ಕೇಳುವುದು ಒಂದೇ: ‘ಅವನನ್ನ ಕೂರಿಸಿಕೊಂಡು ಕೇಳಿದ್ರಾ?’

ಈ ಪ್ರಶ್ನೆ ನಾನು ಸೋತು ಕಲಿತದ್ದು. ವಕೀಲಿಕೆಯ ಹೊಸತರಲ್ಲಿ ಮಾಲೀಕರೊಬ್ಬರು ಹೇಳಿದ್ದನ್ನು ಹಾಗೇ ಬರೆದುಕೊಟ್ಟಿದ್ದೆ. ಮಧುಗಿರಿ ಕಡೆಯ ಕಾರ್ಮಿಕ, ಹನ್ನೆರಡು ದಿನ ಬಂದಿರಲಿಲ್ಲ. ಸ್ಟ್ಯಾಂಡಿಂಗ್ ಆರ್ಡರ್, ಅಂದರೆ ಕಾರ್ಖಾನೆಯ ಕೆಲಸದ ನಿಯಮಾವಳಿ, ಪ್ರಕಾರ ತಾನೇ ಕೆಲಸ ಬಿಟ್ಟಂತೆ ಅಂತ ಹೆಸರು ಹೊಡೆದುಹಾಕಿದೆವು. ಲೇಬರ್ ಕೋರ್ಟಿನಲ್ಲಿ ಎದುರು ಕಡೆಯವರು ಡಿ.ಕೆ. ಯಾದವ್ ಪ್ರಕರಣದ 1993ರ ಸುಪ್ರೀಂ ಕೋರ್ಟ್ ತೀರ್ಪು ಮುಂದಿಟ್ಟರು. ಸ್ಟ್ಯಾಂಡಿಂಗ್ ಆರ್ಡರ್ ಏನೇ ಹೇಳಲಿ, ವಿಚಾರಣೆ ಮಾಡದೆ ತೆಗೆಯುವಂತಿಲ್ಲ. ಹಿಂಬಾಕಿ ಸಂಬಳದ ಸಮೇತ ಅವನು ಮತ್ತೆ ಕೆಲಸಕ್ಕೆ ಬಂದ. ಅವತ್ತು ಕೋರ್ಟಿನ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ ಅಂದ: ‘ರಾಗಿ ಕೊಯ್ಲು ಸಾ. ಮೋಡ ಕವುಚ್ಕೊಂಡಿತ್ತು, ಆಳು ಸಿಗಲಿಲ್ಲ. ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ.’

ಅವನಿಗೆ ಕೊಟ್ಟ ನೋಟಿಸು ಬೇರೆ ಇಂಗ್ಲಿಷಿನಲ್ಲಿತ್ತು! ಬರೆದವನು ನಾನೇ.

ಈಗ ಕಾರ್ಮಿಕನಿಗೆ ಕೊಡುವ ಚಾರ್ಜ್‌ಶೀಟು, ಅಂದರೆ ಆರೋಪಪಟ್ಟಿ, ಕನ್ನಡದಲ್ಲೇ ಬರೆಯುತ್ತೇನೆ. ‘ಅಶಿಸ್ತಿನ ವರ್ತನೆ’ ಅಂತ ಗಾಳಿಯಲ್ಲಿ ಗುದ್ದುವುದಿಲ್ಲ. ಯಾವ ತಾರೀಕು, ಯಾವ ಶಿಫ್ಟು, ಯಾವ ಮಷೀನಿನ ಮುಂದೆ, ಏನಂದ, ಎಲ್ಲವೂ ಇರಬೇಕು. ಹಾಗೆ ಬರೆಯಲು ಕೂತಾಗಲೇ ಅರ್ಧ ಕೇಸುಗಳು ಸುಳ್ಳಾಗಿಬಿಡುತ್ತವೆ. ಸೂಪರ್‌ವೈಸರ್ ಮೊದಲು ಬೈದದ್ದು ಹೊರಬೀಳುತ್ತದೆ. ನಿಜವಾಗಿ ಹೊಡೆದಾಟವಾಗಿದ್ದರೆ ಸಸ್ಪೆಂಡ್ ಮಾಡಿಸುತ್ತೇನೆ. ಮೊದಲ 90 ದಿನ ಅರ್ಧ ಸಂಬಳ, ವಿಚಾರಣೆ ಕಾರ್ಮಿಕನ ತಪ್ಪಿಲ್ಲದೆ ಎಳೆದರೆ ಆಮೇಲೆ ಮುಕ್ಕಾಲು. ‘ಮನೇಲಿ ಕೂತವನಿಗೆ ದುಡ್ಡಾ?’ ಅಂತ ಗೊಣಗದ ಮಾಲೀಕರನ್ನು ನಾನು ನೋಡಿಲ್ಲ. ಬೇಗ ಮುಗಿಸಿ ಸ್ವಾಮಿ, ಅನ್ನುತ್ತೇನೆ.

ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ನಡೆಯುವ ರಾಜಿ ಸಂಧಾನಕ್ಕೆ ಮಾತ್ರ ನಾನು ಒಳಗೆ ಹೋಗುವ ಹಾಗಿರಲಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯ 36ನೇ ಕಲಂ ವಕೀಲರನ್ನು ಆ ಕೋಣೆಯಿಂದ ಹೊರಗಿಟ್ಟಿತ್ತು. ಮೊದಲು ಅವಮಾನ ಅನ್ನಿಸಿತ್ತು. ಒಂದು ಸಲ ಮಾಲೀಕರಿಗೆ ಏನು ಹೇಳಬೇಕು, ಎಲ್ಲಿ ಬಾಯಿ ಮುಚ್ಚಬೇಕು ಅಂತ ಒಂದು ಹಾಳೆ ಬರೆದುಕೊಟ್ಟು ಎದುರಿನ ಟೀ ಅಂಗಡಿಯಲ್ಲಿ ಕಾಯುತ್ತಾ ಕೂತೆ. ಮೂರು ಟೀ ಆಯಿತು. ಅವರು ಒಪ್ಪಂದ ಹಿಡಿದುಕೊಂಡು ಬಂದರು. ಕೊನೆಯಲ್ಲಿ ಒಂದು ಸಾಲು: ರಾಗಿ ಕೊಯ್ಲಿಗೆ ಪ್ರೊಡಕ್ಷನ್ ಲೈನ್‌ವಾರು ಸರದಿ ರಜೆ.

ನನ್ನ ಹಾಳೆಯಲ್ಲಿ ಅದಿರಲಿಲ್ಲ. ಹಾಳೆ ಅವರ ಜೇಬಿನಲ್ಲೇ ಮಡಿಚಿಕೊಂಡಿತ್ತು.